ಮೊಳೆ ಬೇಡದ ಕೊಕ್ಕೆ

ಶ್ರೀಶೈಲನ ಮಾವ ರಾಯಪ್ಪನವರ ಫೋಟೋ ಮೂರು ತಿಂಗಳಿಂದ ಜೋಳದ ಚೀಲದ ಮೇಲೆ ಕುಳಿತಿತ್ತು. ದಪ್ಪ ಮೀಸೆ, ತಲೆಗೆ ರುಮಾಲು, ಕೈಯಲ್ಲಿ ಬೆತ್ತ; ಬಬಲೇಶ್ವರದಲ್ಲಿ ಎದುರು ಬಂದರೆ ನಾಲ್ಕು ಮಂದಿ ಎದ್ದು ನಿಲ್ಲುವಂಥ ಮನುಷ್ಯ. ಅಂಥವರನ್ನು ಅಳಿಯ ಗೋಡೆಗೆ ಏರಿಸದೆ ಚೀಲದ ಮೇಲೆ ಕೂಡಿಸಿದ್ದ. ಹಿಂದಿನ ಸಲ ಬಂದಾಗ ರಾಯಪ್ಪನವರು ಅದನ್ನು ಕಣ್ಣಾರೆ ನೋಡಿದರು. ಚಪ್ಪಲಿ ಮೆಟ್ಟಿ, ತುತ್ತು ಅನ್ನ ಮುಟ್ಟದೆ ಬಸ್ ಸ್ಟ್ಯಾಂಡಿನ ಹಾದಿ ಹಿಡಿದರು. ಮಗಳು ನೀಲವ್ವ ಮೂರು ದಿನ ಅತ್ತಳು. ನಾಲ್ಕನೆಯ ದಿನದಿಂದ ಗಂಡನ ಜೊತೆ ಮಾತು ಬಿಟ್ಟಳು.

ಹಾಗಂತ ಶ್ರೀಶೈಲನ ತಪ್ಪೇನೂ ಇರಲಿಲ್ಲ. ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ತಿಕೋಟಾದಿಂದ ವಿಜಾಪುರಕ್ಕೆ ವರ್ಗವಾಗಿ ಬಂದು, ಜೋರಾಪುರ ಪೇಟೆಯಲ್ಲಿ ಪೀರಾಂಬಿ ಎಂಬ ಮುದುಕಿಯ ಮನೆಯ ಅರ್ಧ ಭಾಗವನ್ನು ಬಾಡಿಗೆ ಹಿಡಿದಿದ್ದ. ಇನ್ನರ್ಧದಲ್ಲಿ ಮುದುಕಿ ಒಬ್ಬಳೇ ಇದ್ದಳು. ಮೊದಲ ದಿನವೇ ಅವನನ್ನು ಒಳಗೆ ಕರೆದು, ತನ್ನ ಮದುವೆಯಲ್ಲಿ ಹೈದರಾಬಾದಿನಿಂದ ಬಂದ ಹನ್ನೆರಡು ಚೀನಿ ಬಟ್ಟಲುಗಳನ್ನು ತೋರಿಸಿದ್ದಳು. ಹಬ್ಬಕ್ಕೂ ಕೆಳಗಿಳಿಸದೆ ಗೋಡೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟ ಬಟ್ಟಲುಗಳು. ಸಾಮಾನು ಇಳಿಸುವಾಗ ನೀಲವ್ವ ಗಂಡನಿಗೆ ಒಂದೇ ಒಂದು ತಾಕೀತು ಮಾಡಿದ್ದಳು.

"ಗ್ವಾಡಿಗೆ ಒಂದು ಮೊಳೀನೂ ಬಡಿಬ್ಯಾಡ್ರಿ. ಮಾಲಕಿ ಕಟ್ಟುನಿಟ್ಟ ಹೇಳ್ಯಾರ."

ಶ್ರೀಶೈಲ ಎರಡು ಮಾತಾಡದೆ ಒಪ್ಪಿಕೊಂಡ. ತಿಕೋಟಾದಲ್ಲಿ ಮೊಳೆಯ ಪ್ರಸಂಗ ನಡೆದಿತ್ತು. ಅದರ ಸುದ್ದಿ ತೆಗೆಯುವುದು ಅವನಿಗೂ ಬೇಕಿರಲಿಲ್ಲ.

ಈಗ ರಾಯಪ್ಪನವರಿಂದ ಕಾರ್ಡು ಬಂದಿತ್ತು: ರವಿವಾರ ನಾಲ್ಕರ ಬಸ್ಸಿಗೆ ಬರುತ್ತೇನೆ. ಕಾರ್ಡು ಓದಿ ನೀಲವ್ವ ಮಾತು ಬಿಟ್ಟದ್ದನ್ನೂ ಮರೆತಳು.

"ಈ ಸಲ ಯಪ್ಪ ಉಣ್ಣದ ಹ್ವಾದ್ರ, ನಾನೂ ಅವನ ಬೆನ್ನ ಹತ್ತಿ ಬಬಲೇಶ್ವರಕ್ಕ ಹೋಗಾಕಿ. ನೀವು, ನಿಮ್ಮ ಜ್ವಾಳದ ಚೀಲ ಕೂಡಿ ಸಂಸಾರ ಮಾಡ್ರಿ."

ಮೊಳೆ ಬಡಿಯುವಂತಿಲ್ಲ, ಫೋಟೋ ಹಾಕದೆ ಬಿಡುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಶನಿವಾರ ಸಂಜೆ ಸ್ಟೇಷನ್ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದವನನ್ನು ದೇವರೇ ಜಿಲಾನಿಯ ಮನೆಸಾಮಾನಿನ ಅಂಗಡಿಯ ಮುಂದೆ ನಿಲ್ಲಿಸಿದ. ಜಿಲಾನಿ ಒಂದು ರಬ್ಬರಿನ ಪುಟ್ಟ ಬಟ್ಟಲನ್ನು ಅಂಗಡಿಯ ಗಾಜಿನ ಕಪಾಟಿಗೆ ಒತ್ತಿದ. ಅದರ ನಡುವೆ ಒಂದು ಕೊಕ್ಕೆ ಇತ್ತು. ಕೊಕ್ಕೆಗೆ ಎರಡು ಕಿಲೋದ ತೂಕದ ಕಲ್ಲು ನೇತು ಹಾಕಿ, ತೊಟ್ಟಿಲಿನಂತೆ ತೂಗಿ ತೋರಿಸಿದ.

"ಮುಂಬಯಿ ಮಾಲ ಐತ್ರಿ ಸಾಹೇಬ್ರ. ಮೊಳಿ ಬ್ಯಾಡ, ಸುತ್ತಿಗಿ ಬ್ಯಾಡ. ಒತ್ತಿ ಬಿಡ್ರಿ, ಆನಿ ಜಗ್ಗಿದ್ರೂ ಬರಂಗಿಲ್ಲ."

ಶ್ರೀಶೈಲ ಒಂದಲ್ಲ, ಎರಡು ಕೊಂಡ.

ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕೊಕ್ಕೆಯನ್ನು ಪಡಸಾಲೆಯ ಗೋಡೆಗೆ ಒತ್ತಿದ. ಮೂರು ಎಣಿಸುವಷ್ಟರಲ್ಲಿ ಅದು ಪಟ್ಟನೆ ಕೆಳಗೆ ಬಿತ್ತು. ಬರುವಾಗ ಗೋಡೆಯ ಸುಣ್ಣವನ್ನೂ ಗುಂಡಗೆ ಕಿತ್ತುಕೊಂಡು ಬಂತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಅದೇ ಪಾಡು. ಎಂಟು ಗಂಟೆಯ ಹೊತ್ತಿಗೆ ಗೋಡೆಗೆ ಸಿಡುಬು ಎದ್ದಂತಾಗಿತ್ತು. ಮುದುಕಿಯನ್ನೇ ಕೇಳೋಣವೆಂದರೆ ಅವಳು ನಸುಕಿನಲ್ಲೇ ಅರಕೇರಿಯ ಮಗಳ ಮನೆಗೆ ಹೋಗಿದ್ದಳು.

ಸದ್ದು ಕೇಳಿ ಎದುರು ಮನೆಯ ಭಾಗಪ್ಪ ಬಂದ. ಟಪಾಲು ಕಚೇರಿಯಿಂದ ನಿವೃತ್ತನಾದ ಮೇಲೆ ಓಣಿಯವರ ಕೆಲಸಗಳನ್ನೆಲ್ಲ ಅವನು ತನ್ನ ಮೈಮೇಲೆ ಎಳೆದುಕೊಂಡಿದ್ದ.

"ಉಗುಳು ಹಚ್ರಿ ಅದಕ್ಕ. ಮೂವತ್ತು ವರ್ಷ ಟಪಾಲಿನ್ಯಾಗ ತಗದೇನಿ. ಉಗುಳು ಹಚ್ಚಿದ ತಿಕೀಟ ಬಿದ್ದದ್ದು ಎಲ್ಲೆರ ನೋಡೀರೇನು?"

ಹಚ್ಚಿದ. ಈ ಸಲ ಐದು ಎಣಿಸುವ ತನಕ ನಿಂತಿತು.

"ಹಂಗಾರ ಅಂಟ ಬೇಕು," ಎಂದು ಭಾಗಪ್ಪ ಮನೆಗೆ ಹೋಗಿ ಜಾಲಿಯ ಅಂಟಿನ ಸೀಸೆ ತಂದ. ಸರ್ಕಾರದ ಸೇವೆಯ ಗುರುತಾಗಿ ಅವನ ಹತ್ತಿರ ಉಳಿದದ್ದು ಅದೊಂದೇ. ಅಂಟು ಬಳಿದು ಒತ್ತಿದರು, ಒಂದು ತಾಸು ಕಾದರು, ಜಗ್ಗಿದರು. ಬರಲಿಲ್ಲ! ಶ್ರೀಶೈಲ ಹಿಗ್ಗಿನಿಂದ ಮಾವನನ್ನು ಎತ್ತಿ ಕೊಕ್ಕೆಗೆ ಹಾಕಿದ. ಒಂದು ಗಳಿಗೆ ಎಲ್ಲ ಸರಿಯಿತ್ತು. ಆಮೇಲೆ ರೊಟ್ಟಿಯಗಲದ ಸುಣ್ಣದ ಹಕ್ಕಳೆ ಸಮೇತ ಕೊಕ್ಕೆ ಕಿತ್ತು ಬಂತು. ಶ್ರೀಶೈಲ ಹಾರಿ ಫೋಟೋವನ್ನು ಎದೆಗೆ ಅವುಚಿಕೊಂಡ. ಅಷ್ಟು ಪ್ರೀತಿಯಿಂದ ಅವನು ಮಾವನನ್ನು ಮದುವೆಯ ದಿನವೂ ಅಪ್ಪಿಕೊಂಡಿರಲಿಲ್ಲ.

ಅಡುಗೆಮನೆಯಿಂದ ನೀಲವ್ವನ ದನಿ ಬಂತು. "ಹೂರಣ ರುಬ್ಬಿ ಮುಗೀತು. ನಿಮ್ದು ಎಲ್ಲಿಗಿ ಬಂತು?"

"ಹತ್ತಾಕ ಬಂದೈತಿ," ಎಂದ ಶ್ರೀಶೈಲ. ಮದುವೆಯಾದ ಗಂಡಸರು ಇಂಥ ಸುಳ್ಳುಗಳನ್ನು ಉಸಿರಾಡಿದಷ್ಟೇ ಸಲೀಸಾಗಿ ಹೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಓಣಿಯ ತಿರುವಿನ ಸೈಕಲ್ ಅಂಗಡಿಯ ಬುಡ್ಡೇಸಾಬನೂ ಬಂದು ಸೇರಿದ. ಕೊಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ.

"ಇದು ರಬ್ಬರ ಐತಿ ಭಾಗಪ್ಪ. ರಬ್ಬರಿಗೆ ಉಗುಳು, ಅಂಟು ಏನ ಹತ್ತತಾವು? ಪಂಚರ ತಗಿಯೂ ಮನಶ್ಯಾಗ ಕೇಳಬೇಕಿಲ್ಲೋ?"

ಅವನು ಉಸುಕಿನ ಕಾಗದದಿಂದ ರಬ್ಬರನ್ನು ಉಜ್ಜಿದ. ಪಂಚರಿನ ಸೊಲ್ಯೂಶನ್ ಬಳಿದು, ಬಾಯಿಂದ ಊದಿ ಆರಿಸಿ ಗೋಡೆಗೆ ಒತ್ತಿದ. ಬಿತ್ತು. ಮತ್ತೆ ಬಳಿದು ಒತ್ತಿದ, ಮತ್ತೆ ಬಿತ್ತು.

"ಗ್ವಾಡ್ಯಾಗ ಖೋಡಿ ಐತಿ," ಎಂದು ಬುಡ್ಡೇಸಾಬ ತಪ್ಪನ್ನು ಗೋಡೆಯ ಮೇಲೆ ಹಾಕಿದ.

"ಗ್ವಾಡಿ ನೂರು ವರ್ಷದ್ದೈತಿ, ಅದರಾಗೇನ ಖೋಡಿ? ಕೊಕ್ಕೀನ ಖೊಟ್ಟಿ ಐತಿ," ಎಂದ ಭಾಗಪ್ಪ.

ಇಬ್ಬರೂ ತಮ್ಮ ತಮ್ಮ ಕಸುಬಿನ ಮರ್ಯಾದೆಗೆ ಜಗಳಕ್ಕೆ ನಿಂತರು. ಶ್ರೀಶೈಲ ನಡುವೆ ಬಂದ. "ಖೊಟ್ಟಿ ಅಲ್ರಿ. ನಿನ್ನಿ ಜಿಲಾನಿ ಗಾಜಿಗಿ ಹಚ್ಚಿದ್ದು ನನ್ನ ಕಣ್ಣಿಲೆ ನೋಡೇನಿ."

"ಗಾಜಿಗೇನು? ಹಂಗಾರ ಒಂದು ಗಾಜು ತರ್ರಿ, ಪರೀಕ್ಷಾ ಮಾಡೂಣು," ಎಂದ ಬುಡ್ಡೇಸಾಬ.

ಆ ಮನೆಯಲ್ಲಿದ್ದ ದೊಡ್ಡ ಗಾಜು ಒಂದೇ. ಅದು ನೆಲದ ಮೇಲೆ ಮುಖ ಮೇಲೆ ಮಾಡಿ ಮಲಗಿತ್ತು. ಯಾರೂ ಬೇಡ ಅನ್ನುವ ಮೊದಲೇ ಬುಡ್ಡೇಸಾಬ ಸೊಲ್ಯೂಶನ್ ಬಳಿದ ಕೊಕ್ಕೆಯನ್ನು ಅದರ ನಟ್ಟನಡುವೆ ಇಟ್ಟು, ಎರಡೂ ಹೆಬ್ಬೆರಳಿನಿಂದ ಒತ್ತಿದ. ಒಂದು ಗಳಿಗೆ ತಡೆದು ಜಗ್ಗಿದ. ಕೊಕ್ಕೆಯ ಜೊತೆ ಇಡೀ ಫೋಟೋ ಮೇಲೆದ್ದು ಬಂತು.

"ಹತ್ತೇತಿ! ಹತ್ತೇತಿ!" ಮೂವರೂ ಕೂಗಿದರು. ಭಾಗಪ್ಪ ಚಪ್ಪಾಳೆ ತಟ್ಟಿದ.

ಆಮೇಲೆ ಮೂವರೂ ಫೋಟೋದ ಮುಖ ನೋಡಿದರು. ಕೊಕ್ಕೆ ರಾಯಪ್ಪನವರ ಮೂಗಿನ ಮೇಲೆಯೇ ಕುಳಿತಿತ್ತು.

ಶ್ರೀಶೈಲ ಜಗ್ಗಿದ. ಭಾಗಪ್ಪ ಚೌಕಟ್ಟು ಹಿಡಿದುಕೊಂಡ, ಬುಡ್ಡೇಸಾಬ ಕೊಕ್ಕೆ ಹಿಡಿದು ಜೋತುಬಿದ್ದ. ಆನೆ ಜಗ್ಗಿದರೂ ಬರುವುದಿಲ್ಲವೆಂದು ಜಿಲಾನಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಇಷ್ಟು ಗೊತ್ತಾತಲ್ರಿ," ಎಂದ ಭಾಗಪ್ಪ ಸಮಾಧಾನದ ದನಿಯಲ್ಲಿ. "ಇದಕ್ಕ ಗಾಜ ಬೇಕು. ಇನ್ನೊಂದು ಕೊಕ್ಕಿ ಐತಿ. ಗ್ವಾಡಿಗೆ ಒಂದು ಗಾಜು ಕುಂದರಿಸಿ, ಅದಕ್ಕ ಹಚ್ಚಿ ಬಿಡ್ರಿ."

"ಗಾಜು ಗ್ವಾಡಿಗೆ ಹೆಂಗ ಕುಂದರಿಸೂದ್ರಿ?"

"ಅದೇನ ದೊಡ್ಡ ಮಾತು? ನಾಕು ಮೂಲಿಗೆ ನಾಕು ಮೊಳಿ ಬಡದ್ರಾತು."

ಶ್ರೀಶೈಲ ಹಣೆ ಹಣೆ ಬಡಿದುಕೊಂಡ. ಅಷ್ಟರಲ್ಲಿ ಅಂಗಳದಲ್ಲಿ ಬೆತ್ತದ ಸದ್ದಾಯಿತು. ಅವನಿಗೆ ಹೊಳೆದದ್ದು ಒಂದೇ ಉಪಾಯ. ಫೋಟೋವನ್ನು ಚೀಲಕ್ಕೆ ಒರಗಿಸಿ, ತನ್ನ ಹೆಗಲ ಮೇಲಿನ ಟವೆಲ್ಲನ್ನು ಅದರ ಕೊಕ್ಕೆಗೇ ಹಾಕಿ ಮರೆಮಾಡಿದ.

ರಾಯಪ್ಪನವರು ಬೆವರಿಳಿಸುತ್ತ ಒಳಗೆ ಬಂದರು. ಬಸ್ಸಿನ ಧೂಳು, ಬೇಸಿಗೆಯ ಝಳ. ಕೈಕಾಲು ತೊಳೆದುಕೊಂಡು ಸುತ್ತ ನೋಡಿದರು. ಕಣ್ಣಿಗೆ ಬಿದ್ದದ್ದು ಟವೆಲ್ಲೇ. ಶ್ರೀಶೈಲ "ಬ್ಯಾರೇದು ಕೊಡ್ತೇನ್ರಿ ಮಾವಾರ" ಅನ್ನುವಷ್ಟರಲ್ಲಿ ಅದನ್ನು ಎಳೆದುಕೊಂಡು ಮುಖ ಒರೆಸಿಕೊಂಡರು. ಒರೆಸಿ ಕಣ್ಣು ತೆರೆದರೆ ಎದುರಿಗೆ ತಾವೇ ಇದ್ದರು, ಮೂಗಿಗೆ ಕೊಕ್ಕೆ ಚುಚ್ಚಿಸಿಕೊಂಡು.

ಬುಡ್ಡೇಸಾಬ ಸೊಲ್ಯೂಶನ್ ಟ್ಯೂಬನ್ನು ಬೆನ್ನ ಹಿಂದೆ ಅಡಗಿಸಿದ.

"ಹಿಂದಿನ ಸಲ ಚೀಲದ ಮ್ಯಾಲ ಕುಂದರಿಸಿದ್ರಿ," ಎಂದರು ರಾಯಪ್ಪನವರು ಮೆಲ್ಲಗೆ. "ಈ ಸಲ ಎತ್ತಿಗಿ ಹಾಕಿದಂಗ ಮೂಗದಾರ ಹಾಕೀರಿ. ಭಾಳ ಚಲೋ ಆತ್ರಿ ಅಳಿಯಂದ್ರ."

ಅವರು ಚಪ್ಪಲಿಗೆ ಕಾಲು ಚಾಚಿದರು. ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಫೋಟೋ ನೋಡಿದಳು, ಗಂಡನನ್ನು ನೋಡಿದಳು. "ತಡಿ ಯಪ್ಪಾ, ನಾನೂ ಬರ್ತೇನಿ," ಎಂದು ಅಳುತ್ತ ಟ್ರಂಕು ಎಳೆದಳು. ಶ್ರೀಶೈಲ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದುಕೊಂಡ. ಹೆಂಡತಿ ಹೋದರೆ ಈ ಮನೆಯಲ್ಲಿ ತಾನು ಒಂದು ದಿನವೂ ಇರಲಾರೆನೆಂದು ಅವನಿಗೆ ಗೊತ್ತಿತ್ತು.

ಆಗಲೇ ಅರಕೇರಿಯಿಂದ ಪೀರಾಂಬಿ ಬಂದು ಹೊಸ್ತಿಲಲ್ಲಿ ನಿಂತಳು.

"ಯಾ ಅಲ್ಲಾ, ನನ್ನ ಗ್ವಾಡಿಗೆ ಏನ ಬ್ಯಾನಿ ಬಂತು?"

"ಏನಾದ್ರೂ ಆಗ್ಲಿ ಅಮ್ಮಾರ, ನಿಮ್ಮ ಮಾತು ಮೀರಿಲ್ಲ," ಎಂದ ಶ್ರೀಶೈಲ ಅಳುದನಿಯಲ್ಲಿ. "ಒಂದು ಮೊಳೀನೂ ಬಡದಿಲ್ಲ."

"ಯಾಕ ಬಡೀಲಿಲ್ಲ?"

"ನೀವ ಬ್ಯಾಡ ಅಂದೀರಲ್ರಿ."

"ನಾನಾ? ನನ್ನ ಪಡಸಾಲ್ಯಾಗ ಬಂದು ಎಣಿಸಪಾ, ಹದಿನಾರು ಮೊಳಿ ಅದಾವ. ನಾ ಯಾಕ ಬ್ಯಾಡನ್ಲಿ?"

ಎಲ್ಲರೂ ನೀಲವ್ವನ ಕಡೆ ತಿರುಗಿದರು. ಅವಳು ಟ್ರಂಕಿನ ಹಿಡಿಕೆ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನ ಹೇಳಿದ್ನಿ. ತಿಕೋಟಾದಾಗ ಇವರು ಕ್ಯಾಲೆಂಡರಿಗಂತ ಮೊಳಿ ಬಡದ್ರು, ಅದು ಗ್ವಾಡಿ ದಾಟಿ ಬಾಜೂ ಮನಿಯವರ ಉಪ್ಪಿನಕಾಯಿ ಭರಣಿ ಒಡೀತು. ಆ ಮನಿ ಬಿಟ್ವಿ. ಎರಡನೇ ಮನ್ಯಾಗೂ ಹಂಗ ಆತು. ಇವರ ಕೈಯಾಗ ಸುತ್ತಿಗಿ ಕೊಡಬಾರದಂತ ಮಾಲಕಿ ಹೆಸರು ಹೇಳಿದ್ನಿ ಯಪ್ಪಾ."

ಮೊದಲು ಬುಡ್ಡೇಸಾಬ ನಕ್ಕ. ಆಮೇಲೆ ಭಾಗಪ್ಪ. ಕೊನೆಗೆ ರಾಯಪ್ಪನವರ ಮೀಸೆಯೂ ಅಲುಗಿತು. ಅವರು ಹೊಟ್ಟೆ ಹಿಡಿದು ನಗುತ್ತ ಚಪ್ಪಲಿ ಬಿಚ್ಚಿದರು. ಪೀರಾಂಬಿ ತಾನೇ ಹೋಗಿ ಒಂದು ಮೊಳೆ, ಒಂದು ಸುತ್ತಿಗೆ ತಂದಳು.

"ಕೊಡ್ರಿ, ನಾ ಬಡೀತೇನಿ," ಎಂದರು ರಾಯಪ್ಪನವರು.

ಎಲ್ಲರೂ ನಕ್ಕದ್ದು ಶ್ರೀಶೈಲನ ಎದೆಗೆ ಚುಚ್ಚಿತ್ತು. "ಬ್ಯಾಡ್ರಿ ಮಾವಾರ. ನನ್ನ ಮನಿ, ನಾನ ಬಡೀತೇನಿ," ಎಂದು ಸುತ್ತಿಗೆ ಕಸಿದುಕೊಂಡ. ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಒಂದು ಏಟು. ಮೊಳೆ ನೆಟ್ಟಗೆ ಕಚ್ಚಿತು. ಎರಡನೆಯ ಏಟಿಗೆ ಗಟ್ಟಿಯಾಗಿ ಕುಳಿತಿತು. ಶ್ರೀಶೈಲ ಹಿಂದೆ ತಿರುಗಿ ಹೆಂಡತಿಯನ್ನು ಗೆದ್ದವನಂತೆ ನೋಡಿದ. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಇರಲಿ, ಭದ್ರವಾಗಲಿ ಎಂದು ಮೂರನೆಯ ಏಟು ಹಾಕಿದ.

ಮೊಳೆ ಮಾಯವಾಯಿತು. ಅದರ ಹಿಂದೆ ಒಂದು ಇಡೀ ಇಟ್ಟಂಗಿ ಹೋಯಿತು. ಆಚೆ ಕಡೆ ಛಣ್ ಎಂದಿತು, ಸ್ವಲ್ಪ ತಡೆದು ಮತ್ತೊಂದು ಛಣ್, ಆಮೇಲೆ ಸಾಲಾಗಿ ಛಣ್ ಛಣ್ ಎನ್ನುತ್ತ ಹೋಯಿತು.

ಪೀರಾಂಬಿ ಆ ಸದ್ದುಗಳನ್ನು ಬೆರಳು ಮಡಚಿ ಎಣಿಸಿದಳು. ಹನ್ನೊಂದಾಯಿತು. ಬಗ್ಗಿ ತೂತಿನಲ್ಲಿ ಇಣುಕಿದಳು. ಹೈದರಾಬಾದಿನ ಒಂದೇ ಒಂದು ಬಟ್ಟಲು ಹಲಗೆಯ ತುದಿಯಲ್ಲಿ ಉಳಿದಿತ್ತು.

"ಮೊಳಿ ಬಡಿಬ್ಯಾಡ ಅಂತ ನಾ ಹೇಳಿದ್ದಿಲ್ಲಪಾ," ಎಂದಳು ತಣ್ಣಗೆ. "ಈಗ ಹೇಳ್ತೇನಿ. ಒಂದನೇ ತಾರೀಖಿಗೆ ಮನಿ ಖಾಲಿ ಮಾಡು."

ನೀಲವ್ವ ಅಪ್ಪನ ಫೋಟೋವನ್ನು ಮೂಗಿನ ಕೊಕ್ಕೆ ಹಿಡಿದೇ ಎತ್ತಿ, ಮತ್ತೆ ಜೋಳದ ಚೀಲದ ಮೇಲೆ ಕೂಡಿಸಿದಳು. ಮೂಲೆಯಲ್ಲಿದ್ದ ಹಗ್ಗದ ಸುರುಳಿ ತೆಗೆದು ಬಿಚ್ಚತೊಡಗಿದಳು. ಅವಳಿಗೆ ಅದು ಮೂರನೆಯ ಸಲ; ಕೈಗೆ ರೂಢಿಯಾಗಿತ್ತು.

ರಾಯಪ್ಪನವರು ರುಮಾಲು ತೆಗೆದಿಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತರು.

"ಹಗ್ಗ ಅತ್ಲಾಗ ಇಡು ನೀಲವ್ವಾ, ಮೊದಲ ಹೋಳಿಗಿ ಬಡಸು," ಎಂದರು. "ಸಾಮಾನು ಹೊರಾಕ ಮೈಯಾಗ ಕಸುವು ಬೇಕಾಕ್ಕೈತಿ."