ಹದಿನಾಲ್ಕು ಸೆಕೆಂಡಿನ ಮೊಸರು

ಕೈಗುಣ ಎಂಬುದು ಈ ಲೋಕದಲ್ಲಿ ಇಲ್ಲವೇ ಇಲ್ಲ, ಇದನ್ನು ಒಂದು ತಿಂಗಳೊಳಗೆ ಸಾಬೀತು ಮಾಡದಿದ್ದರೆ ತಮ್ಮ ಬಿ.ಎಸ್ಸಿ., ಬಿ.ಎಡ್. ಸರ್ಟಿಫಿಕೇಟುಗಳಲ್ಲಿ ಬೋಂಡ ಕಟ್ಟಿಕೊಡಬಹುದು ಎಂದು ನಿವೃತ್ತ ವಿಜ್ಞಾನ ಮೇಷ್ಟ್ರು ಚನ್ನವೀರಯ್ಯನವರು ಬಟವಾಡಿಯ ತಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಘೋಷಿಸಿದರು. ಘೋಷಿಸುವಾಗ ಬಾಯಿ ತುಂಬ ಮೊಸರನ್ನವಿತ್ತು. ಹಾಗಾಗಿ ಹೆಂಡತಿ ಕರಿಬಸಮ್ಮನವರಿಗೆ ಅರ್ಧವೇ ಅರ್ಥವಾಯಿತು. ಅರ್ಥವಾದ ಅರ್ಧಕ್ಕೆ ಅವರು, "ಇನ್ನೊಂಚೂರು ಮೊಸರು ಹಾಕ್ಲಾ?" ಎಂದು ಉತ್ತರ ಕೊಟ್ಟರು.

ಮೇಷ್ಟ್ರ ಸಂಕಟವೇ ಆ ಮೊಸರು. ಕರಿಬಸಮ್ಮನವರು ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತಿರಲಿಲ್ಲ, ಬಂಡೆಯಾಗುತ್ತಿತ್ತು. ಪಾತ್ರೆಯನ್ನು ಬೋರಲು ಹಿಡಿದು ಗುಬ್ಬಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹೋಗಿಬಂದರೂ ಒಂದು ತೊಟ್ಟು ಉದುರದು. ಚಮಚ ನೆಟ್ಟರೆ ಧ್ವಜಸ್ತಂಭ. ಒಂದು ಆಗಸ್ಟ್ ಹದಿನೈದಕ್ಕೆ ಮೊಮ್ಮಕ್ಕಳು ಆ ಚಮಚಕ್ಕೆ ಕಾಗದದ ಬಾವುಟ ಕಟ್ಟಿ, ಸಾಲಾಗಿ ನಿಂತು ವಂದನೆಯನ್ನೂ ಸಲ್ಲಿಸಿದ್ದವು. ಪ್ರತಿ ಸೋಮವಾರ ಮಠದ ದಾಸೋಹಕ್ಕೆ ಒಂದು ದೊಡ್ಡ ಬೋಗುಣಿ ಮೊಸರು ಈ ಮನೆಯಿಂದಲೇ ಹೋಗಬೇಕು, ಇಲ್ಲದಿದ್ದರೆ ಭಕ್ತಾದಿಗಳ ಮುಖದಲ್ಲಿ ಕಳೆ ಇರುವುದಿಲ್ಲ ಎಂಬ ಮಾತಿತ್ತು.

"ಎಲ್ಲಾ ಅವರ ಕೈಗುಣ" ಎಂದು ಊರೆಲ್ಲ ಹೇಳುತ್ತಿತ್ತು. ಹೇಳಿಕೊಳ್ಳಲಿ, ಮೇಷ್ಟ್ರದ್ದೇನೂ ಗಂಟು ಹೋಗುತ್ತಿರಲಿಲ್ಲ. ಆದರೆ ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ನ್ಯೂಟನ್ನನ ನಿಯಮಗಳನ್ನು ಗಂಟಲು ಹರಿದುಕೊಂಡು ಬೋಧಿಸಿದ ಮನುಷ್ಯನ ಬೀಳ್ಕೊಡುಗೆಯಲ್ಲಿ ಹೆಡ್‌ಮಾಸ್ಟರು ಆತನ ಪಾಠದ ಬಗ್ಗೆ ಎರಡು ನಿಮಿಷ, ಆತನ ಟಿಫನ್ ಡಬ್ಬಿಯ ಮೊಸರಿನ ಬಗ್ಗೆ ಒಂಬತ್ತು ನಿಮಿಷ ಮಾತಾಡಿದರೆ ಯಾವ ವಿಜ್ಞಾನಿಗೆ ತಾನೇ ಹೊಟ್ಟೆ ಉರಿಯದು?

ಇನ್ನೊಂದು ಉರಿಯೂ ಇತ್ತು. ಜಿಲ್ಲೆಯ ಹವ್ಯಾಸಿ ಸಂಶೋಧಕರ ಬಳಗವೊಂದು ವರ್ಷಕ್ಕೊಮ್ಮೆ ತುಮಕೂರಿನಲ್ಲಿ ಸಭೆ ಸೇರಿ, ಒಪ್ಪಿಗೆಯಾದ ಪ್ರಬಂಧಗಳನ್ನು ಒಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತಿತ್ತು. ಆ ಪುಸ್ತಿಕೆಯಲ್ಲಿ ತಮ್ಮ ಹೆಸರು ನೋಡಿಯೇ ಕಣ್ಣು ಮುಚ್ಚಬೇಕೆಂಬುದು ಮೇಷ್ಟ್ರ ಆಸೆ. ಆರು ವರ್ಷ, ಆರು ಪ್ರಬಂಧ, ಆರು ತಿರಸ್ಕಾರ. ಆಟೋ ಹಾರ್ನಿನ ಸದ್ದಿಗೆ ತೆಂಗಿನ ಸಸಿ ಬೇಗ ಬೆಳೆಯುತ್ತದೆಯೇ ಎಂಬ ಸಂಶೋಧನೆಯಲ್ಲಿ ಸಸಿ ತೀರಿಕೊಂಡಿತು. ಸೊಳ್ಳೆಗೆ ಯಾವ ಗುಂಪಿನ ರಕ್ತ ಇಷ್ಟ ಎಂಬ ಸಂಶೋಧನೆಯಲ್ಲಿ ಎಲ್ಲ ಸೊಳ್ಳೆಗಳೂ ಒಮ್ಮತದಿಂದ ಮೇಷ್ಟ್ರನ್ನೇ ಆರಿಸಿಕೊಂಡವು. ಅವರು ಎಂಟು ದಿನ ಜ್ವರದಲ್ಲಿ ಮಲಗಿದರು. ಈ ಏಳನೆಯದು ಬಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿಯೂ ಆಗಿತ್ತು.

ಪ್ರಯೋಗದ ಏರ್ಪಾಡು ರಾಕೆಟ್ ಉಡಾವಣೆಗೆ ಕಡಿಮೆಯಿರಲಿಲ್ಲ. ನಿಟ್ಟೂರಿನಲ್ಲಿದ್ದ ತಮ್ಮ ಪ್ರಭುದೇವ ಒಂದೇ ಎಮ್ಮೆಯ ಹಾಲನ್ನು ಭಾನುವಾರ ಬೈಕಿನಲ್ಲಿ ತಂದುಕೊಟ್ಟ. ಮೇಷ್ಟ್ರು ಅದನ್ನು ಒಂದೇ ಪಾತ್ರೆಯಲ್ಲಿ ಕಾಯಿಸಿ, ಥರ್ಮಾಮೀಟರ್ ಅದ್ದಿ ಆರಿಸಿ, ಹನ್ನೆರಡು ಸ್ಟೀಲ್ ಡಬ್ಬಿಗಳಿಗೆ ಸಮನಾಗಿ ಸುರಿದರು. ಪ್ರತಿ ಡಬ್ಬಿಯ ಜೊತೆಗೆ ಒಂದು ಪುಟ್ಟ ಬಟ್ಟಲಿನಲ್ಲಿ ಒಂದು ಚಮಚ ಹೆಪ್ಪು ಮತ್ತು ಹದಿನಾರು ನಿಯಮಗಳ ಒಂದು ಜೆರಾಕ್ಸ್. ಏಳನೆಯ ನಿಯಮ, ಹೆಪ್ಪು ಹಾಕುವಾಗ ಧಾರಾವಾಹಿ ನೋಡಕೂಡದು. ಬೀದಿಯ ಒಂಬತ್ತು ಮನೆಗಳಿಗೆ ಒಂಬತ್ತು ಡಬ್ಬಿ. ಹತ್ತನೆಯದು ಹಿಂದೆ ಅವರ ಜೊತೆ ಹಿಂದಿ ಪಾಠ ಮಾಡುತ್ತಿದ್ದು ಈಗ ಕುಣಿಗಲ್ಲಿನಲ್ಲಿರುವ ಪುಟ್ಟಗಂಗಮ್ಮ ಮೇಡಂ ಅವರಿಗೆ, ಏಕೆಂದರೆ ಸಂಶೋಧನೆಗೆ ಭೌಗೋಳಿಕ ವ್ಯಾಪ್ತಿ ಬೇಕು. ಹನ್ನೊಂದನೆಯದಕ್ಕೆ ಹೆಪ್ಪು ಹಾಕುವ ಕೈ ಸಾಕ್ಷಾತ್ ಮೇಷ್ಟ್ರದ್ದು. ಹನ್ನೆರಡನೆಯದು ಕರಿಬಸಮ್ಮನವರದ್ದು. ಹಾಲು ಒಂದೇ, ಹೆಪ್ಪು ಒಂದೇ, ಕೈ ಮಾತ್ರ ಬೇರೆ ಬೇರೆ. ಸಂಜೆ ಆರಕ್ಕೆ ಹೆಪ್ಪು ಹಾಕಿ, ಬೆಳಿಗ್ಗೆ ಎಂಟಕ್ಕೆ ಡಬ್ಬಿಯನ್ನು ವರಾಂಡದ ಮೇಜಿನ ಮೇಲೆ ಇಟ್ಟು ಹೋಗಬೇಕು. ಕೈಗುಣ ಇದ್ದರೆ ಮೊಸರು ಹನ್ನೆರಡು ಥರ ಇರಬೇಕು. ಇಲ್ಲದಿದ್ದರೆ ಒಂದೇ ಥರ.

ಸೋಮವಾರ ಎಂಟಕ್ಕೆ ಸರಿಯಾಗಿ ಹನ್ನೆರಡು ಡಬ್ಬಿಗಳೂ ಮೇಜಿನ ಮೇಲಿದ್ದವು. ಮೇಷ್ಟ್ರು ಮೊದಲು ಎಲ್ಲದರ ಫೋಟೋ ತೆಗೆದರು. ಆಮೇಲೆ ತಾವೇ ಕಂಡುಹಿಡಿದ ವಿಧಾನದಲ್ಲಿ ಪರೀಕ್ಷೆಗೆ ಇಳಿದರು. ಮೊಸರಿನ ಮೇಲೆ ಒಂದು ಗೋಲಿ ಬಿಡುವುದು, ಅದು ಪೂರ್ತಿ ಮುಳುಗಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಬರೆದುಕೊಳ್ಳುವುದು. ಮೊದಲನೆಯದು ಹದಿನಾಲ್ಕು ಸೆಕೆಂಡು. ಎರಡನೆಯದೂ ಹದಿನಾಲ್ಕು. ಐದನೆಯದಕ್ಕೆ ಬರುವಾಗ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಹನ್ನೆರಡನೆಯದಕ್ಕೆ ಕಣ್ಣು ಮಂಜಾಗಿ, ಒರೆಸಿಕೊಂಡು ಗಡಿಯಾರ ನೋಡಿದರು. ಹನ್ನೆರಡೂ ಹದಿನಾಲ್ಕು!

ಅಡುಗೆಮನೆಗೆ ನುಗ್ಗಿದರು.

"ನೋಡಿದ್ಯೇನೇ? ನಿಂದೂ ಹದಿನಾಲ್ಕು, ಎದುರು ಮನೆ ಕದರಮ್ಮಂದೂ ಹದಿನಾಲ್ಕು, ಹುಟ್ಟಿದ ಮೇಲೆ ಒಂದು ಲೋಟ ಕಾಫಿ ಬೆರೆಸದ ನಂದೂ ಹದಿನಾಲ್ಕು. ಈಗ ಹೇಳು, ಎಲ್ಲಿ ಹೋಯ್ತು ನಿನ್ನ ಕೈಗುಣ?"

"ಎಲ್ಲೂ ಹೋಗಿರಲ್ಲ ಬಿಡಿ, ಇಲ್ಲೇ ಎಲ್ಲೋ ಇರುತ್ತೆ" ಎಂದರು ಕರಿಬಸಮ್ಮ, ಒಗ್ಗರಣೆಯಿಂದ ಮುಖ ತಿರುಗಿಸದೆ.

ಸೋತವರು ಹೀಗೇ ಮಾತಾಡುತ್ತಾರೆ ಎಂದುಕೊಂಡ ಮೇಷ್ಟ್ರು ಆ ವಾರವಿಡೀ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡಾಡಿದರು. ಬಟವಾಡಿಯ ಆಟೋದವರಿಗೂ ಸುದ್ದಿ ಮುಟ್ಟಿತು. ಈ ಪ್ರಬಂಧವನ್ನು ಓದಲೇಬೇಕೇ ಎಂದು ಹೆಂಡತಿ ಎರಡು ಸಲ ಮೆಲ್ಲಗೆ ಕೇಳಿದರು. ಹೊಟ್ಟೆಕಿಚ್ಚು ಎಂದು ಮೇಷ್ಟ್ರು ದಿನಚರಿಯಲ್ಲಿ ಬರೆದುಕೊಂಡರು. ಮುಂದಿನ ಭಾನುವಾರದ ಸಭೆಗೆ ಬೀದಿಯವರನ್ನೆಲ್ಲ ಒಂದು ಟೆಂಪೋದಲ್ಲಿ ಹತ್ತಿಸಿಕೊಂಡು ಹೋದರು, ಚಪ್ಪಾಳೆಗೆ ಕೊರತೆಯಾಗಬಾರದಲ್ಲ! ಪುಟ್ಟಗಂಗಮ್ಮ ಮೇಡಂ ಕುಣಿಗಲ್ಲಿನಿಂದ ನೇರ ಸಭೆಗೇ ಬಂದರು.

ಅಧ್ಯಕ್ಷತೆ ವಹಿಸಿದ್ದವರು ಪ್ರೊಫೆಸರ್ ಸಂಧ್ಯಾ. ಮೇಷ್ಟ್ರ ಹಳೇ ವಿದ್ಯಾರ್ಥಿನಿ, ಈಗ ಸೂಕ್ಷ್ಮಾಣುಜೀವಿಗಳ ವಿಷಯದಲ್ಲಿ ದೊಡ್ಡ ಹೆಸರು. ಮೇಷ್ಟ್ರು ಇಪ್ಪತ್ತು ನಿಮಿಷ ಗುಡುಗಿದರು. ಪರದೆಯ ಮೇಲೆ ಹನ್ನೆರಡು ಡಬ್ಬಿಗಳ ಫೋಟೋ ಮೂಡಿತು. ಕೈಗುಣವೆಂಬ ಮೂಢನಂಬಿಕೆಗೆ ಬಟವಾಡಿಯಲ್ಲೇ ಸಮಾಧಿ ಕಟ್ಟಲಾಗಿದೆ ಎಂದು ಹೇಳಿ ನೀರು ಕುಡಿದರು. ಟೆಂಪೋದವರು ಚಪ್ಪಾಳೆ ತಟ್ಟಿದರು, ಆದರೆ ಯಾಕೋ ಒಬ್ಬರೂ ತಲೆ ಎತ್ತಲಿಲ್ಲ.

ಸಂಧ್ಯಾ ಫೋಟೋವನ್ನೇ ನೋಡುತ್ತಿದ್ದರು.

"ಸರ್, ಡಬ್ಬಿಯಲ್ಲೇ ಹೆಪ್ಪಾಗಿದ್ದರೆ ಮೇಲೆ ಕೆನೆ ಕಟ್ಟಿ ನುಣ್ಣಗಿರಬೇಕಲ್ವಾ? ಇಲ್ಲಿ ಹನ್ನೊಂದರಲ್ಲಿ ಸೌಟಿನ ಗುರುತಿದೆ. ಎಲ್ಲಿಂದಲೋ ತೋಡಿ ಹಾಕಿದ ಮೊಸರು ಇದು."

ಸಭೆಯಲ್ಲಿದ್ದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಅವರಿಗೆ ಫೋಟೋ ಬಂದ ಕೂಡಲೇ ಕಂಡಿತ್ತು. ಹುಟ್ಟಿದಾಗಿನಿಂದ ತಟ್ಟೆಗೆ ಬಿದ್ದ ಮೇಲಿನ ಮೊಸರನ್ನಷ್ಟೇ ನೋಡಿದ್ದ ಮೇಷ್ಟ್ರಿಗೆ, ಪಾತ್ರೆಯೊಳಗೆ ಅದು ಹೇಗಿರುತ್ತದೆಂದು ಗೊತ್ತಾಗಲು ಕಾರಣವಿರಲಿಲ್ಲ.

"ಸಾಕ್ಷಿಗಳು ಇಲ್ಲೇ ಇದಾರೆ, ಕೇಳಿಬಿಡಿ" ಎಂದರು ಮೇಷ್ಟ್ರು, ಎದೆ ಮುಂದು ಮಾಡಿ. "ಕದರಮ್ಮಾ, ಎದ್ದು ಹೇಳಮ್ಮ."

ಎದುರು ಮನೆಯ ಕದರಮ್ಮ ಸೆರಗು ಹಿಂಡುತ್ತಾ ಎದ್ದರು.

"ನಮ್ದು ನೀರ್‌ನೀರಾಗಿ ಕೂತ್ಕಂಡಿತ್ತು ಮೇಷ್ಟ್ರೇ. ಪುಸ್ತಕ್ದಲ್ಲಿ ಹೆಸ್ರು ಬರೀತೀನಿ ಅಂದಿದ್ರಲ್ಲ ನೀವು. ಕದರಮ್ಮನ ಮನೆ ಮೊಸ್ರು ಹಿಂಗೆ ಅಂತ ಜಿಲ್ಲೆಗೆಲ್ಲಾ ಗೊತ್ತಾದ್ರೆ ಮಗಳನ್ನ ಯಾರು ಕೇಳ್ಕಂಡು ಬರ್ತಾರೆ? ಬೆಳಿಗ್ಗೆ ಎದ್ದೇಟಿಗೆ ನಿಮ್ಮನೆ ಹಿತ್ತಲ ಬಾಗ್ಲಲ್ಲಿ ಹೋಗಿ ಅಮ್ಮೋರ ಹತ್ರ ಡಬ್ಬಿ ತುಂಬಿಸ್ಕಂಡೆ. ಅಲ್ಲಿ ನೋಡಿದ್ರೆ ಆಗ್ಲೇ ನಾಲ್ಕು ಜನ ನಿಂತವ್ರೆ."

ಕಟ್ಟೆ ಒಡೆಯಿತು. ಒಬ್ಬರ ಮನೆಯಲ್ಲಿ ನೆಂಟರು ಬಂದು ಸಂಶೋಧನೆಯನ್ನು ಕಾಫಿಗೆ ಬೆರೆಸಿ ಕುಡಿದಿದ್ದರು. ಇನ್ನೊಬ್ಬರ ಮನೆಯಲ್ಲಿ ಬೆಕ್ಕು ಪೂರೈಸಿತ್ತು. ಉಳಿದ ಏಳು ಮನೆಗಳಲ್ಲಿ ಕೆಲವರದು ನೀರಾಗಿತ್ತು, ಕೆಲವರದು ನೂಲಿನಂತೆ ಎಳೆ ಬಿಟ್ಟಿತ್ತು, ಒಂದರ ಹುಳಿಯ ಹೊಡೆತಕ್ಕೆ ಗೋಡೆಯ ಸುಣ್ಣ ಎದ್ದಿತ್ತು ಎನ್ನುತ್ತಾರೆ. ಪುಟ್ಟಗಂಗಮ್ಮ ಮೇಡಂ ಅವರ ಡಬ್ಬಿಯ ಹಾಲು ಕುಣಿಗಲ್ ಮುಟ್ಟುವ ಮೊದಲೇ ಬಸ್ಸಿನ ಕುಲುಕಾಟಕ್ಕೆ ಚೆಲ್ಲಿ ಹೋಗಿತ್ತು. ಅವರು ಬೆಳಗಿನ ಮೊದಲ ಬಸ್ಸಿಗೆ ಖಾಲಿ ಡಬ್ಬಿ ಹಿಡಿದು ಬಂದು, ಹಿತ್ತಲಲ್ಲಿ ತುಂಬಿಸಿಕೊಂಡು, ಮುಂಬಾಗಿಲಲ್ಲಿ ಬಂದು ಮೇಜಿನ ಮೇಲಿಟ್ಟು, ಕುಣಿಗಲ್ ಮೊಸರೆಂದು ಚೀಟಿ ಅಂಟಿಸಿದ್ದರು. ದಾಸೋಹಕ್ಕೆಂದು ಇಟ್ಟಿದ್ದ ಬೋಗುಣಿ ಹೀಗೆ ಕರಗಿ, ಆ ಸೋಮವಾರ ಮಠದ ಭಕ್ತರು ಮಜ್ಜಿಗೆಯಲ್ಲೇ ತೃಪ್ತರಾಗಿದ್ದರು.

ಮೇಷ್ಟ್ರು ಮೇಜು ಹಿಡಿದುಕೊಂಡರು. ಒಂದು ಹುಲ್ಲುಕಡ್ಡಿ ಉಳಿದಿತ್ತು.

"ಸರಿ, ಹತ್ತು ಹೋಯ್ತು. ನಂದಿದೆಯಲ್ಲ? ನಾನೇ ಕೈಯಾರೆ ಹೆಪ್ಪು ಹಾಕಿದೀನಿ, ನಾನು ಯಾರ ಹಿತ್ತಲಿಗೂ ಹೋಗಿಲ್ಲ."

ಕರಿಬಸಮ್ಮ ಮೊದಲ ಸಾಲಿನಲ್ಲಿ ಕೂತಲ್ಲಿಂದಲೇ, ತುಂಬ ಮೆತ್ತಗೆ ಹೇಳಿದರು:

"ನೀವು ಹೆಪ್ಪು ಹಾಕೋದೇ ಮರ್ತಿದ್ರಿ ರೀ. ಥರ್ಮಾಮೀಟ್ರು ಇಟ್ಟು ನೋಡಿ, ಬರ್ಕೊಂಡು, ಮುಚ್ಚಿಟ್ಟು ಮಲಗಿದ್ರಿ. ಬೆಳಿಗ್ಗೆ ನೋಡಿದ್ರೆ ಹೆಪ್ಪಿನ ಬಟ್ಲು ಹಂಗೇ ಪಕ್ಕದಲ್ಲಿತ್ತು. ನೀವು ಏಳೋಕೆ ಮುಂಚೆ ಬದಲಾಯಿಸ್ದೆ. ಆರು ಸಲ ಬಿದ್ದಿದ್ರಲ್ಲ, ನೋಡಕ್ಕಾಗ್ಲಿಲ್ಲ ನಂಗೆ."

ಮೇಷ್ಟ್ರು ಹೆಂಡತಿಯ ಮುಖವನ್ನು ಮೊಟ್ಟಮೊದಲ ಸಲ ಭೂತಗನ್ನಡಿ ಇಟ್ಟು ನೋಡುವಂತೆ ನೋಡಿದರು. ಸಂಧ್ಯಾ, ಈ ಪ್ರಬಂಧ ಬಿದ್ದಿಲ್ಲ ಎಂದರು. ಚೆಲ್ಲಿದ್ದು, ಕುಡಿದದ್ದು, ಮರೆತದ್ದು ಬಿಟ್ಟರೂ ಒಂದೇ ಹಾಲು, ಒಂದೇ ಹೆಪ್ಪಿನಲ್ಲಿ ಏಳು ಕೈಗಳು ಸೋತು ಒಂದು ಕೈ ಗೆದ್ದಿದೆ. ಕಾರಣ ಹುಡುಕುವುದು ಆಮೇಲಿನ ಮಾತು, ಆದರೆ ತೀರ್ಮಾನವನ್ನು ತಲೆಕೆಳಗು ಮಾಡಿ, ಕರಿಬಸಮ್ಮನವರ ಹೆಸರನ್ನು ಮೊದಲು ಹಾಕಿ ಬರೆದುಕೊಟ್ಟರೆ ಈ ವರ್ಷದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಲು ತಮ್ಮದೇನೂ ಅಡ್ಡಿಯಿಲ್ಲ ಎಂದರು.

ಮೇಷ್ಟ್ರು ಅಲ್ಲೇ ಪೆನ್ನು ತೆಗೆದರು. ಪ್ರಬಂಧದ ಕೊನೆಯ ಸಾಲಿನಲ್ಲಿದ್ದ 'ಇಲ್ಲ'ವನ್ನು ಹೊಡೆದು 'ಇದೆ' ಎಂದು ಬರೆದರು.

ಸಭೆ ಮುಗಿದು ಹೆಂಗಸರು ಕರಿಬಸಮ್ಮನವರನ್ನು ಮುತ್ತಿಕೊಂಡರು. ಒಬ್ಬಾಕೆ, ಒಂದು ಚಮಚ ಹೆಪ್ಪು ಕೊಟ್ಟರೆ ತಮ್ಮ ಮನೆಯಲ್ಲೂ ಅದೇ ಮೊಸರು ಬರುತ್ತದೆಯೇ ಎಂದು ಕೇಳಿದರು. ಕರಿಬಸಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು, ಅಷ್ಟೂ ಜನಕ್ಕೆ ಕೇಳುವಂಥ ತರಗತಿಯ ದನಿಯಲ್ಲಿ, ಎದೆಯುಬ್ಬಿಸಿ ಹೇಳಿದರು:

"ಬರಲ್ಲಮ್ಮ. ಹನ್ನೊಂದು ಡಬ್ಬೀಲಿ ಪರೀಕ್ಷೆ ಮಾಡಿ ಹೇಳ್ತಾ ಇದೀನಿ."