ಎವಾರಿಸ್ಟನ ಸ್ವರ ಕೂಡಿದ ದಿನ

ಪೆಂತೆಕೋಸ್ತ್ ಹಬ್ಬದ ಸೋಮವಾರ ಬೆಳಗ್ಗೆ ಎವಾರಿಸ್ಟನ ಟ್ಯೂಬಾ ಕಹಳೆಯ ಗುಂಡಿಯೊಂದು ಒತ್ತಿದ್ದು ಒತ್ತಿದ ಹಾಗೇ ಕೂತುಬಿಟ್ಟಿತು. ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡುವವನಿಗೆ ಅದನ್ನು ಬಿಚ್ಚಿ ನೋಡಲೂ ಹೊತ್ತಿರಲಿಲ್ಲ. ಮೆರವಣಿಗೆ ಆಗಲೇ ಚರ್ಚಿನ ಬಾಗಿಲು ದಾಟಿತ್ತು.

ಮರಿಯಮ್ಮನ ಯಾತ್ರೆಯ ವಾದ್ಯತಂಡದಲ್ಲಿ ಅವನಿಗೆ ಅಪ್ಪನ ಜಾಗ ಸಿಕ್ಕಿತ್ತು, ಅಪ್ಪನ ಸ್ವರಜ್ಞಾನ ಸಿಕ್ಕಿರಲಿಲ್ಲ. ಆದರೂ ಮರಿಯಮ್ಮ ತಾಯಿಯ ಮೂರ್ತಿಯ ಮುಂದೆ ಆ ಹಿತ್ತಾಳೆಯ ಆನೆಯನ್ನು ತಬ್ಬಿಕೊಂಡು ನಡೆಯುವುದೇ ಅವನ ಹೆಮ್ಮೆ. ಪಾಪ, ಅವನಿಗೆ ಬರುವುದೇ ಅಷ್ಟು ಎಂದು ತಂಡದ ಮೇಷ್ಟ್ರು ಆಲ್ಫೋನ್ಸರು ಸಹಿಸಿಕೊಂಡಿದ್ದರು.

ಪಕ್ಕದ ಮನೆಯ ಗೊಡೆಲೀವ್ ಆಲೂಗಡ್ಡೆ ಕರಿದು ಮಾರುವವಳು. "ಇಲ್ಲಿ ಕೊಡೋ, ನಮ್ಮ ಎಣ್ಣೆ ಎರಡು ಹನಿ ಬಿಟ್ರೆ ಸರಿಹೋಗುತ್ತೆ" ಎಂದು ಅರ್ಧ ಸೌಟು ಸುರಿದೇಬಿಟ್ಟಳು.

ಗುಂಡಿ ಎದ್ದಿತು. ಆದರೆ ಮಾವನ ಮನೆಗೆ ಹೋದ ಅಳಿಯನ ಹಾಗೆ, ಕೆಳಗೆ ಹೋದರೆ ಮನಸ್ಸು ಬಂದಾಗಲೇ ಮೇಲೆ ಬರುವುದು. ಸ್ತೋತ್ರ ಒಂದು ಕಡೆ, ಅವನ ಸ್ವರ ಅರ್ಧ ಹೆಜ್ಜೆ ಹಿಂದೆ. ಪೇಟೆ ಚೌಕದಲ್ಲಿ ಹಬ್ಬದ ಜಾಝ್ ಮೇಳದವರು ತಾಯಿ ಹಾದುಹೋಗಲೆಂದು ವಾದ್ಯ ಕೆಳಗಿಟ್ಟು ನಿಂತಿದ್ದರು. ಆ ಎಡವುವ ಲಯ ಕೇಳಿ ಅವರ ಡ್ರಮ್ಮಿನವನ ಕೈ ಸುಮ್ಮನಿರಲಿಲ್ಲ. ಬಿಯರ್ ಕುಡಿಯುತ್ತಿದ್ದವರು ಎದ್ದು ಬಂದರು, ಯಾತ್ರಿಕರ ಊರುಗೋಲುಗಳು ತಾಳ ಹಾಕಿದವು. ಚೌಕಕ್ಕೆ ಚೌಕವೇ ಕುಣಿಯುತ್ತ ಗುಡ್ಡದ ಗುಡಿಯವರೆಗೆ ತಾಯಿಯ ಹಿಂದೆ ನಡೆಯಿತು. ಒಳಗೆ ಕಾಲಿಡಲೂ ಜಾಗವಿಲ್ಲದ್ದನ್ನು ಕಂಡು ಪಾದ್ರಿಗಳು ಹಿಗ್ಗಿದರು. ಆಲ್ಫೋನ್ಸರು ಮಾತ್ರ ಸ್ವರದ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

ಜಾಝ್ ಮೇಳದ ನಾಯಕಿ ಫೆನ್ನಾ ಎವಾರಿಸ್ಟನನ್ನು ಹುಡುಕಿಕೊಂಡು ಬಂದು, ಸಂಜೆ ತಮ್ಮೊಂದಿಗೆ ವೇದಿಕೆ ಹತ್ತಬೇಕೆಂದು ಕೇಳಿಕೊಂಡಳು. ಸುದ್ದಿ ಕೇಳಿ ಬೀದಿಯವರೆಲ್ಲ ಮನೆಯ ಕುರ್ಚಿಗಳನ್ನೇ ಹೊತ್ತು ತಂದು ಮುಂದಿನ ಸಾಲಿನಲ್ಲಿ ಕೂತರು. ಎಣ್ಣೆ ತನ್ನದೆಂದು ಗೊಡೆಲೀವ್ ಕಂಡಕಂಡವರಿಗೆಲ್ಲ ಹೇಳಿದಳು.

ಇಷ್ಟು ಜನರ ಮುಂದೆ ಮಾನ ಹೋಗಬಾರದೆಂದು ಎವಾರಿಸ್ಟ್ ಮಧ್ಯಾಹ್ನವಿಡೀ ಕೂತು ಗುಂಡಿ ಬಿಚ್ಚಿ, ಎಣ್ಣೆ ಒರೆಸಿ, ಹೊಸ ಬೀಗದ ಹಾಗೆ ಮಾಡಿದ. ತಾಯಿ, ಇವತ್ತೊಂದು ದಿನ ಒಂದು ಸ್ವರವೂ ತಪ್ಪದಿರಲಿ ಎಂದು ಬೇಡಿಕೊಂಡ.

ತಾಯಿ ನಡೆಸಿಕೊಟ್ಟಳು. ಒಂದು ಸ್ವರವೂ ತಪ್ಪಲಿಲ್ಲ. ಲಯ ಗಡಿಯಾರದ ಹಾಗೆ ಟಕಟಕ ನಡೆಯಿತು. ಫೆನ್ನಾ ಬಗ್ಗಿ, "ಬೆಳಗ್ಗಿನ ಹಾಗೆ ನುಡಿಸಿ ಸರ್" ಎಂದಳು. ಅವನು ಬೆವರು ಸುರಿಸಿ ತಪ್ಪು ನುಡಿಸಲು ನೋಡಿದ, ಆಗಲಿಲ್ಲ. ಜನ ಆಕಳಿಸಿ ಬಿಯರಿನ ಕಡೆ ತಿರುಗಿದರು. ಫೆನ್ನಾ ಮರ್ಯಾದೆಯಿಂದಲೇ ಅವನನ್ನು ಕೆಳಗಿಳಿಸಿದಳು.

ಕೆಳಗೆ ಆಲ್ಫೋನ್ಸರು ನಿಂತಿದ್ದರು, ಕಣ್ಣು ಒದ್ದೆ.

"ಒಂದೂ ತಪ್ಪಲಿಲ್ಲ ಕಣೋ. ನಿನಗೆ ನುಡಿಸೋಕೆ ಬರುತ್ತೆ."

"ಬರುತ್ತೆ ಮೇಷ್ಟ್ರೇ" ಎಂದ ಎವಾರಿಸ್ಟ್, ಎದೆಯುಬ್ಬಿಸಿ.

"ಬರದೇ ಇದ್ದೋನನ್ನ ಇಷ್ಟು ವರ್ಷ ಸಹಿಸ್ಕೊಂಡೆ. ಬಂದೂ ಕೆಡಿಸ್ತಿದ್ದೋನನ್ನ ಹ್ಯಾಗೆ ಇಟ್ಕೊಳ್ಳಲಿ? ಬೇಕೂಂತಲೇ ಮಾಡ್ತಿದ್ಯಾ?"

ಇಲ್ಲ, ಇವತ್ತೊಂದು ದಿನ ಹ್ಯಾಗೋ ಬಂತು ಎಂದಿದ್ದರೆ ತಂಡದಲ್ಲಿ ಉಳಿದುಕೊಳ್ಳುತ್ತಿದ್ದ. ಆದರೆ ಮುಂದಿನ ಸಾಲಿನಲ್ಲಿ ಇಡೀ ಬೀದಿ ಕಿವಿಗೊಟ್ಟು ಕೂತಿತ್ತು.

ಎವಾರಿಸ್ಟ್ ಕತ್ತು ನೆಟ್ಟಗೆ ಮಾಡಿದ.

"ಹೌದು ಮೇಷ್ಟ್ರೇ, ಬೇಕೂಂತಲೇ."