ಅತ್ತೆಯ ವಿಮಾನ ತಾಲೀಮು

ನಮ್ಮ ಸೋದರತ್ತೆಯ ಮೇಲೆ ಮಗು ಅಪಹರಣದ ಪ್ರಕರಣ ಇನ್ನೂ ದಾಖಲಾಗಿಲ್ಲ. ತುಮಕೂರಿನ ಪತ್ರಿಕಾ ಕಚೇರಿಯೊಂದರಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುವ ನಾನು ಈ ಮಾತನ್ನು ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ದಾಖಲಾಗುವ ಸಂದರ್ಭಗಳು ಮಾತ್ರ ಧಾರಾಳವಾಗಿ ಒದಗಿಬಂದಿದ್ದವು.

ಅತ್ತೆ ಇರುವುದು ಗುಬ್ಬಿಯಲ್ಲಿ. ಊರಿನ ಅರ್ಧ ಬಾಣಂತನಗಳು ನಡೆದಿರುವುದು ಅವರ ಕೈಯಲ್ಲಿ. ಕಾಲು ನೀಡಿ, ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯಲು ಕೂತರೆಂದರೆ ಯಾವ ಡಾಕ್ಟರೂ ಎದುರು ಮಾತಾಡುವಂತಿಲ್ಲ. "ನನ್ ಕೈಲಿ ಮಗು ಅಳಲ್ಲ ಕಣೋ" ಎಂಬುದು ಅವರ ಏಕೈಕ ಸಿದ್ಧಾಂತ. ಇದು ಮನೆಯ ಮಕ್ಕಳಿಗೆ ಸೀಮಿತವಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಎಲ್ಲಿ, ಯಾರ ಮಗು ಅತ್ತರೂ ಅತ್ತೆ ಎದ್ದುಹೋಗಿ ಎತ್ತಿಕೊಂಡುಬಿಡುತ್ತಾರೆ. ಕೇಳಿ ಎತ್ತಿಕೊಳ್ಳುತ್ತಾರೆಂದುಕೊಂಡಿರಾ? ಎತ್ತಿಕೊಂಡ ಮೇಲೆ ತಾಯಿಯ ಕಡೆ ನೋಡುತ್ತಾರೆ!

ಒಮ್ಮೆ ಕುಣಿಗಲ್ ಬಸ್ಸಿನಲ್ಲಿ ಮುಂದಿನ ಸೀಟಿನ ಮಗು ರಚ್ಚೆ ಹಿಡಿದಿತ್ತು. ಅತ್ತೆ ಎತ್ತಿಕೊಂಡರು, ಮಗು ನಿದ್ದೆ ಹೋಯಿತು. ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಳೋ, ಅದರ ತಾಯಿಯೂ ನಿದ್ದೆ ಹೋದಳು. ಅತ್ತೆ ಒಂದು ಮದುವೆಗೆಂದು ಹೆಬ್ಬೂರಿನಲ್ಲಿ ಇಳಿಯಬೇಕಿತ್ತು. ಎದ್ದರೆ ಮಗು ಎದ್ದೀತೆಂದು ಕುಣಿಗಲ್‌ವರೆಗೂ ಅಲುಗಾಡದೆ ಕೂತರು. ಮುಹೂರ್ತ ತಪ್ಪಿತಲ್ಲ ಎಂದು ನಾವೆಲ್ಲ ಆಡಿಕೊಂಡರೆ, "ಅದುಕ್ಯಾಕೆ ಇಷ್ಟು ಗಲಾಟೆ? ಅವ್ರಿಗೂ ಮಗು ಆಗ್ಲಿ, ಆಗ ಹೋಗ್ತೀನಿ ಬುಡು" ಎಂದರು.

ಇಂಥ ಅತ್ತೆಗೆ ಕಳೆದ ವರ್ಷ ನಿಜವಾದ ಪರೀಕ್ಷೆ ಎದುರಾಯಿತು.

ಅವರ ಒಬ್ಬಳೇ ಮಗಳು ಕೇಂದ್ರದ ಪೊಲೀಸ್ ಪಡೆಯಲ್ಲಿದ್ದಾಳೆ. "ಹೆಣ್ಮಗೂಗೆ ಬಂದೂಕ್ಯಾಕೆ?" ಎಂದ ನೆಂಟರ ಬಾಯಿ ಮುಚ್ಚಿಸಿ ಅವಳನ್ನು ಕಳಿಸಿದವರು ಅತ್ತೆಯೇ. ಹೆರಿಗೆ ರಜೆ ಮುಗಿದಾಗ ಅವಳಿಗೆ ಗುವಾಹಟಿಯಲ್ಲಿ ಡ್ಯೂಟಿ, ಗಂಡನಿಗೆ ಇನ್ನೆಲ್ಲೋ ಗಡಿಯಲ್ಲಿ. ಇರಲು ಕ್ವಾರ್ಟರ್ಸ್ ಸಿಗಲಿಲ್ಲ. ಆರು ತಿಂಗಳ ಪುಟ್ಟಿ ಗುಬ್ಬಿಯಲ್ಲಿ ಅಜ್ಜಿಯ ಹತ್ತಿರ ಉಳಿದಳು. ಕ್ವಾರ್ಟರ್ಸ್ ಸಿಗುವಷ್ಟರಲ್ಲಿ ಪುಟ್ಟಿಗೆ ವರ್ಷ ತುಂಬುತ್ತಾ ಬಂದಿತ್ತು. ಈಗ ಅತ್ತೆಯೇ ಅವಳನ್ನು ವಿಮಾನದಲ್ಲಿ ಗುವಾಹಟಿಗೆ ಕರೆದೊಯ್ದು ಅಮ್ಮನಿಗೆ ಒಪ್ಪಿಸಿ ಬರಬೇಕಿತ್ತು. ಅಮ್ಮ ಎಂದರೆ ಅವಳ ಪಾಲಿಗೆ ಮೊಬೈಲಿನೊಳಗೆ ಕೂತು ಕೈಯಾಡಿಸುವ ಒಬ್ಬ ಹೆಂಗಸು. ಅದರ ಮೇಲೆ, ಹೊಸಬರು ಕೈ ಚಾಚಿದರೆ ಅಜ್ಜಿಯ ಕುತ್ತಿಗೆ ತಬ್ಬಿ ಕಿರುಚುವ ವಯಸ್ಸು.

ಮಗಳು ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಅಮ್ಮಾ, ಅವ್ಳು ನನ್ ಹತ್ರ ಬರ್ಲಿಲ್ಲ ಅಂದ್ರೆ ನಾನು ಕೆಲ್ಸ ಬಿಟ್ಟು ನಿಮ್ಮಿಬ್ರ ಜೊತೇಲೇ ಗುಬ್ಬಿಗೆ ಬಂದ್ಬಿಡ್ತೀನಿ."

"ಹೆತ್ತವ್ಳ ಹತ್ರ ಬರ್ದೆ ಇನ್ನೆಲ್ಲೋಯ್ತಾಳೆ? ಸುಮ್ಕಿರು," ಎಂದು ಅತ್ತೆ ಫೋನ್ ಇಟ್ಟರು. ಆಮೇಲೆ ಆ ವಿಷಯ ಅವರ ಬಾಯಲ್ಲಿ ಬರಲೇ ಇಲ್ಲ. ಅವರು ಬಹಿರಂಗವಾಗಿ ಒಪ್ಪಿಕೊಂಡ ಚಿಂತೆ ಒಂದೇ, ವಿಮಾನ. ಮೇಲೇರುವಾಗ, ಇಳಿಯುವಾಗ ಕೂಸುಗಳಿಗೆ ಕಿವಿ ನೋಯುತ್ತದೆಂದು ಯಾರೋ ಹೇಳಿದ್ದರು. ಹಿಂದೊಮ್ಮೆ ವಿಮಾನ ಹತ್ತಿದ್ದೇನೆಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ಜೊತೆಗೆ ನೇಮಿಸಲಾಯಿತು.

ಮೊದಲ ತಾಲೀಮು ಮನೆಯ ಹಜಾರದಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿಟ್ಟು, ನನ್ನ ಸೊಂಟವನ್ನು ಹಳೇ ಸೀರೆಯಿಂದ ಕುರ್ಚಿಗೆ ಬಿಗಿದು, ಅತ್ತೆ ಪುಟ್ಟಿಯೊಂದಿಗೆ ಪಕ್ಕದಲ್ಲಿ ಕೂತರು.

"ಹೂಂ, ಈಗ ಮ್ಯಾಲೆತ್ತು."

"ಏನನ್ನ ಅತ್ತೆ?"

"ಪ್ಲೇನ್ನ ಕಣೋ! ಸದ್ದು ಮಾಡು!"

ನಾನು ಕೆನ್ನೆ ಉಬ್ಬಿಸಿ ಸಾಧ್ಯವಾದಷ್ಟು ವಿಮಾನವಾದೆ. ಪುಟ್ಟಿ ನನ್ನನ್ನೇ ನೋಡಿದಳು, ತುಟಿ ಸೊಟ್ಟ ಮಾಡಿದಳು, ಬೊಬ್ಬೆಯಿಟ್ಟಳು. ಅತ್ತೆ ಧೃತಿಗೆಡಲಿಲ್ಲ. "ಇದು ಸದ್ದಿಗೆ ಅತ್ತಿದ್ದಲ್ಲ, ನಿನ್ ಮೂತಿಗೆ ಅತ್ತಿದ್ದು. ಲೆಕ್ಕುಕ್ಕಿಲ್ಲ!"

ನನ್ನ ಸದ್ದಿನ ಗುಣಮಟ್ಟ ಸಾಲದೆಂದು ಅವರು ಅಸಲಿ ಸದ್ದಿಗೇ ಹೋದರು. ಗುಬ್ಬಿಯ ಹತ್ತಿರ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಆಟೊ ಮಾಡಿಕೊಂಡು ಆ ಕಡೆಯ ರಸ್ತೆಗೆ ಹೋಗಿ, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಆಕಾಶ ನೋಡುತ್ತಾ ಕಾಯುವುದು! ಒಂದು ದಿನ ಹೋದರೆ ಸರಿ. ಬೆಳಿಗ್ಗೆ ಸಂಜೆ ಹೋದರೆ? ಕಾರ್ಖಾನೆಯ ಕಾವಲಿನವರು ಬಂದು ವಿಚಾರಿಸಿದರು. ನನಗೆ ಫೋನ್ ಬಂತು. ನಾನು ತುಮಕೂರಿನಿಂದ ಬೈಕ್ ಓಡಿಸಿಕೊಂಡು ಹೋಗುವಾಗ, ಮರುದಿನದ ನಮ್ಮ ಪತ್ರಿಕೆಯ ಶೀರ್ಷಿಕೆ ದಾರಿಯುದ್ದಕ್ಕೂ ಕಣ್ಣ ಮುಂದೆ ಹಾಯುತ್ತಿತ್ತು. ತಲುಪಿದಾಗ ಅತ್ತೆ ಆ ಕಾವಲಿನವರನ್ನೇ ವಿಚಾರಣೆ ಮಾಡುತ್ತಿದ್ದರು.

"ನೋಡಪ್ಪ, ನೆನ್ನೆಯಿಂದ ಒಂದೂ ಹಾರಿಸಿಲ್ಲ ನೀವು. ಮಗೂಗೆ ಅಭ್ಯಾಸ ಆಗ್ಬೇಕೋ ಬ್ಯಾಡ್ವೋ?"

ಅವರಲ್ಲೊಬ್ಬ ನನ್ನ ಗುರುತಿನ ಚೀಟಿ ನೋಡಿದ, ಅತ್ತೆಯನ್ನು ನೋಡಿದ. ನಿಟ್ಟುಸಿರುಬಿಟ್ಟು, "ನಿಮ್ಮತ್ತೇನ ಮನೇಗೆ ಕರ್ಕೊಂಡೋಗಿ ಸಾರ್," ಎಂದ. ಅಷ್ಟರಲ್ಲಿ ನೆತ್ತಿಯ ಮೇಲೆ ಒಂದು ಹೆಲಿಕಾಪ್ಟರ್ ಬಂದೇಬಿಟ್ಟಿತು. ಪುಟ್ಟಿ ಕೈ ಮೇಲೆತ್ತಿ ಕೇಕೆ ಹಾಕಿದಳು. ಕಿವಿ ಮುಚ್ಚಿಕೊಂಡಿದ್ದವರು ಅತ್ತೆ.

ಹೊರಡುವ ದಿನ ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೈಚೀಲ ಸಿಕ್ಕಿಬಿತ್ತು. ಬಜೆ, ಜಾಯಿಕಾಯಿ, ರಾಗಿ ಸರಿ, ಒಳಲೆ, ಯಡಿಯೂರಿನ ವಿಭೂತಿ, ಎಲ್ಲಕ್ಕೂ ಕೆಳಗೆ ಬಜೆ ತೇಯುವ ಸಾಣೆಕಲ್ಲು. ಅಂಗೈಯಗಲದ ಕಲ್ಲು! ಸಮವಸ್ತ್ರದ ಹೆಣ್ಣುಮಗಳು ಹಿಂದಿಯಲ್ಲಿ ಇದೇನೆಂದು ಕೇಳಿದಳು. ಅತ್ತೆ ಕನ್ನಡದಲ್ಲಿ, ಬಜೆಯನ್ನು ಎಷ್ಟು ಸುತ್ತು ತೇಯಬೇಕು, ಯಾಕೆ ತೇಯಬೇಕು ಎಂದು ಪೂರ್ತಿ ವಿವರಿಸಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಕಲ್ಲನ್ನು ಒಳಗೆ ಬಿಡುವಂತಿಲ್ಲ ಎಂದು ಆಕೆ ತಲೆಯಾಡಿಸಿದಳು. ಅತ್ತೆ ಅವಳ ಸಮವಸ್ತ್ರವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ವಾದ ಮಾಡದೆ ಕಲ್ಲನ್ನು ಅವಳ ಕೈಗಿಟ್ಟರು. "ಆಯ್ತು ಕಣವ್ವ, ನಿನ್ ಡ್ಯೂಟಿ ನೀನು ಮಾಡ್ದೆ. ವಾಪಸ್ ಬರ್ವಾಗ ಇಸ್ಕೊಂಡೋಯ್ತೀನಿ. ಯಾರ್ಗೂ ಕೊಟ್ಬುಟ್ಟೀಯ!"

ವಿಮಾನದೊಳಗೆ ವಿಭೂತಿ ಹೊರಬಂತು. ಪುಟ್ಟಿಯ ಹಣೆಗೆ, ನನ್ನ ಹಣೆಗೆ, ಮುಂದಿನ ಸೀಟಿನ ಬೆನ್ನಿಗೆ. ಬೆಲ್ಟ್ ನೋಡಲು ಬಂದ ಗಗನಸಖಿ ಬಗ್ಗಿದ್ದೇ ತಡ, ಅವಳ ಹಣೆಗೂ! ಆಕೆ ನಕ್ಕು ಕೈ ಮುಗಿದಳು. ಪುಡಿಕೆಯನ್ನು ಮಡಿಸಿ ಅತ್ತೆ ನನ್ನ ಕೈಗೆ ಕೊಟ್ಟರು. "ಡ್ರೈವರ್‌ಗೂ ಒಸಿ ಹಚ್ಬುಟ್ಟು ಬಾ ಹೋಗು."

ವಿಮಾನ ಓಟ ಶುರು ಮಾಡಿತು. ಅತ್ತೆ ಒಳಲೆಯಲ್ಲಿ ಹನಿಹನಿಯಾಗಿ ನೀರು ಕುಡಿಸತೊಡಗಿದರು. ನೆಲ ಬಿಟ್ಟಿತು. ಸುತ್ತ ಬೇರೆ ಮಕ್ಕಳು ಒಂದೊಂದಾಗಿ ರಾಗ ತೆಗೆದವು. ಪುಟ್ಟಿ ಮಾತ್ರ ನೀರು ಚಪ್ಪರಿಸಿ, ಬಾಯಿ ಒರೆಸಿಕೊಂಡು, ಮಲಗಿಬಿಟ್ಟಳು. ಅತ್ತೆ ಗೆದ್ದಿದ್ದರು! ಅಭಿನಂದಿಸಲು ತಿರುಗಿದೆ. ಅವರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತಿದ್ದರು. ಎರಡೂ ಕಿವಿ ಕಟ್ಟಿದ್ದವು. ತಮ್ಮ ದನಿಯೇ ಕೇಳದವರು, ಗುಟ್ಟು ಹೇಳುವವರ ಹಾಗೆ ನನ್ನ ಕಡೆ ಬಾಗಿ, ಇಡೀ ವಿಮಾನಕ್ಕೆ ಕೇಳುವ ಹಾಗೆ ಹೇಳಿದರು:

"ಲೋ, ಪುಟ್ಟಿ ಅವ್ಳ ಹತ್ರ ಹೋಗ್ದೆ ಇದ್ರೆ ಏನ್ಲಾ ಮಾಡೋದು?"

"ಮೆಲ್ಲಗೆ ಅತ್ತೆ."

"ನಾನೇ ಇಷ್ಟು ಹಚ್ಕೊಂಡ್ಬುಟ್ಟೆ. ಮಗೂನ ಅಳ್ಬಾರ್ದು ಅಳ್ಬಾರ್ದು ಅಂತ ಕೆಳಕ್ಕೇ ಬುಡ್ಲಿಲ್ಲ. ಈಗ ನನ್ ಮಗ್ಳು ಕೆಲ್ಸ ಬುಟ್ಟು ಬಂದ್ರೆ ಅದು ನನ್ ಕೈಯಾರ ಆದಂಗೆ ಅಲ್ವೇನ್ಲಾ?"

ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ಕನ್ನಡದಲ್ಲೇ, "ಹೋಗ್ತಾಳೆ ಬಿಡಿ ಅಮ್ಮ," ಎಂದರು. ಅತ್ತೆಗೆ ಕೇಳಿಸಲಿಲ್ಲ.

ಇಳಿಯುವಾಗ ಪುಟ್ಟಿ ಎದ್ದಳು. ಕಿವಿಯನ್ನು ಅಜ್ಜಿಯ ಎದೆಗೆ ಉಜ್ಜಿದಳು, ಆಮೇಲೆ ಚೀರಿದಳು. ಒಳಲೆಯನ್ನು ತಳ್ಳಿದಳು. ಬೆನ್ನು ಬಿಲ್ಲಾಗಿಸಿ, ಉಸಿರು ಹಿಡಿದು, ಮುಖ ಕಪ್ಪಿಡುವವರೆಗೂ ಚೀರಿದಳು. ಎದ್ದು ಓಡಾಡಿಸುವಂತಿಲ್ಲ, ಬೆಲ್ಟ್ ದೀಪ ಉರಿಯುತ್ತಿದೆ. ಅತ್ತೆ ತಮಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ಯಾವುದೂ ನಡೆಯಲಿಲ್ಲ. ಚಕ್ರ ನೆಲ ಮುಟ್ಟಿದ ಮೇಲೆ ಅಳು ನಿಂತಿತು. ತಮಾಷೆ ಮಾಡಲು ಬಾಯಿ ತೆರೆದವನು ಅವರ ಮುಖ ನೋಡಿ, ಕೈಚೀಲ ಎತ್ತಿಕೊಂಡೆ. ವಿಮಾನದಿಂದ ಹೊರಬಾಗಿಲಿನವರೆಗೆ ಅತ್ತೆ ಪುಟ್ಟಿಯನ್ನು ಎದೆಗವಚಿಕೊಂಡೇ ನಡೆದರು.

ಹೊರಗೆ ಮಗಳು ನಿಂತಿದ್ದಳು. ಕಂಡದ್ದೇ ತಡ ಎರಡೂ ಕೈ ಚಾಚಿ ಓಡಿಬಂದಳು. "ಪುಟ್ಟೀ!"

ಪುಟ್ಟಿ ಕಿಟಾರನೆ ಕಿರುಚಿ ಅಜ್ಜಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಮಗಳ ಕೈಗಳು ಗಾಳಿಯಲ್ಲೇ ನಿಂತವು.

"ನಾನು ಹೇಳ್ಲಿಲ್ವಾಮ್ಮ," ಎಂದಳು. "ಬಿಡು. ಕೆಲ್ಸ..."

"ಬಾಯ್ಮುಚ್ಚು," ಎಂದರು ಅತ್ತೆ. "ಕೈ ಇಳ್ಸು. ಅವ್ಳನ್ನ ನೋಡ್ಬ್ಯಾಡ. ಬಾ ಇಲ್ಲಿ, ಕೂತ್ಕೊ."

ಬೆಂಚಿನ ಮೇಲೆ ಮಗಳಿಗೆ ಅಂಟಿಕೊಂಡಂತೆ ಕೂತ ಅತ್ತೆ, ಮಗಳ ಹೆಗಲ ಮೇಲೆ ತಮ್ಮ ತಲೆಯಿಟ್ಟರು. ಊರಿನ ಮಕ್ಕಳೆಲ್ಲ ಒರಗಿದ ಆ ಹೆಂಗಸು ಇನ್ನೊಬ್ಬರಿಗೆ ಒರಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನನ್ ಜೊತೆ ಮಾತಾಡು."

"ಏನ್ ಮಾತಾಡ್ಲಮ್ಮ?"

"ಏನಾರ ಬೈಯಿ."

ಮಗಳು ಬೈಯತೊಡಗಿದಳು. "ಎಷ್ಟ್ ಸೊರಗಿದೀಯ ನೋಡು... ಹೊತ್ಗೆ ಸರಿಯಾಗಿ ಉಣ್ಣಲ್ಲ... ಬಿಪಿ ಮಾತ್ರೆ ನುಂಗ್ದೆಯಾ?" ಕಣ್ಣೀರು ಸುರಿಯುತ್ತಿತ್ತು, ಬೈಗುಳ ನಿಲ್ಲಲಿಲ್ಲ. ಅತ್ತೆ ಕಣ್ಣು ಮುಚ್ಚಿ ಹೂಂಗುಟ್ಟುತ್ತಿದ್ದರು.

ಪುಟ್ಟಿ ಮೆಲ್ಲಗೆ ತಲೆಯೆತ್ತಿದಳು. ಅಜ್ಜಿಯ ತಲೆಯನ್ನು ನೋಡಿದಳು. ಅದು ಒರಗಿದ್ದ ಹೆಗಲನ್ನು ನೋಡಿದಳು. ಮೊಬೈಲಿನಲ್ಲಿ ದಿನಾ ಕೇಳುತ್ತಿದ್ದ ದನಿ ಹೊರಡುತ್ತಿದ್ದ ಬಾಯಿಯನ್ನು ಬಹಳ ಹೊತ್ತು ನೋಡಿ, ಆ ಬಾಯಿಗೆ ತನ್ನ ಬೆರಳು ಹಾಕಿದಳು. ಪುಟ್ಟಿ ಒಂದು ಕಾಲನ್ನು ಅತ್ತ ದಾಟಿಸಿದಳು. ಅತ್ತೆ ತಮ್ಮ ಕೈಗಳನ್ನು ತಿಳಿಯದ ಹಾಗೆ ಸಡಿಲಿಸುತ್ತಾ, ಸಡಿಲಿಸುತ್ತಾ, ಪೂರ್ತಿ ತೆಗೆದುಕೊಂಡುಬಿಟ್ಟರು.

ತಕ್ಷಣ ಎದ್ದು, ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು, ದೊಡ್ಡ ಕಂಬವೊಂದರ ಹಿಂದೆ ಹೋಗಿ ನಿಂತರು. ನಾನು ಹಿಂದೆಯೇ ಹೋದೆ.

"ನಾನು ಕಣ್ಣಿಗ್ ಬಿದ್ರೆ ವಾಪಸ್ ಬತ್ತಾಳೆ ಕಣೋ. ನೀನು ನೋಡು. ಅಳ್ತಾವ್ಳಾ?"

ನಾನು ಕಂಬದಾಚೆ ಬಗ್ಗಿ ನೋಡಿದೆ. ಪುಟ್ಟಿ ಅಮ್ಮನ ಕೊರಳ ಸರ ಎಳೆಯುತ್ತಿದ್ದಳು.

"ಇಲ್ಲ ಅತ್ತೆ."

"ಕತ್ತು ತಿರುಗ್ಸಿ ಹುಡುಕ್ತಾವ್ಳಾ?"

"ಇಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಗೆದ್ದವರ ಮುಖ ಹಾಗಿರುವುದಿಲ್ಲ. ಆಮೇಲೆ ಕಂಬಕ್ಕೆ ಒರಗಿ, ಕಟ್ಟಿದ ಕಿವಿ ಬಿಟ್ಟವರ ಸಣ್ಣ ದನಿಯಲ್ಲಿ ಹೇಳಿದರು.

"ನೆಟ್ಟಗೆ ನೋಡ್ಲಾ. ಒಂಚೂರೂ ಇಲ್ವಾ?"